ಇಲಿ ಸೂಜಿ

ನನ್ನ ಮೊದಲ ನೌಕರಿಯಲ್ಲಿ ನನ್ನ ಕೆಲಸ, ಹ್ಯಾಮ್‌ಸ್ಟರುಗಳು ಸಾಯುವುದನ್ನು ಕಾಯುವುದಾಗಿತ್ತು.

ಹೈದರಾಬಾದಿನ ಹೊರವಲಯದಲ್ಲಿದ್ದ ಲಸಿಕೆ ಕಾರ್ಖಾನೆ ಅದು. ನಾಯಿಗಳಿಗೆ ಹಾಕುವ ಇಲಿಜ್ವರದ ಲಸಿಕೆ ಅಲ್ಲಿ ತಯಾರಾಗುತ್ತಿತ್ತು. ಲಸಿಕೆ ಹೊರಗೆ ಹೋಗುವ ಮುನ್ನ ಅದಕ್ಕೆ ಶಕ್ತಿ ಇದೆಯೋ ಇಲ್ಲವೋ ನೋಡಬೇಕಲ್ಲ, ಅದಕ್ಕೆ ಹ್ಯಾಮ್‌ಸ್ಟರುಗಳು ಬೇಕಾಗುತ್ತಿದ್ದವು. ಒಂದು ಗುಂಪಿಗೆ ಲಸಿಕೆ, ಇನ್ನೊಂದು ಗುಂಪಿಗೆ ಏನೂ ಇಲ್ಲ. ಆಮೇಲೆ ಎರಡೂ ಗುಂಪಿಗೆ ರೋಗದ ಸೂಜಿ. ಲಸಿಕೆ ಸಿಕ್ಕವು ಉಳಿಯಬೇಕು, ಸಿಗದವು ಸಾಯಬೇಕು. ಸಿಗದವುಗಳಲ್ಲಿ ಬಹಳಷ್ಟು ಸಾಯದೆ ಉಳಿದುಬಿಟ್ಟರೆ ಪರೀಕ್ಷೆಯೇ ಕೆಟ್ಟಂತೆ. ಹೊಸ ಪ್ರಾಣಿಗಳನ್ನು ತಂದು ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ಬೆಳಿಗ್ಗೆ ಪ್ರಾಣಿಮನೆಯ ಬಾಗಿಲು ತೆರೆಯುವಾಗ, ಇವತ್ತಾದರೂ ಸತ್ತಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ಗುಡಿಯ ಪಕ್ಕದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ದೇವರ ಹತ್ತಿರ ಹಾಗೊಂದು ಬೇಡಿಕೆ ಇಡುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ.

ಹ್ಯಾಮ್‌ಸ್ಟರ್ ಅಂದರೆ ಇಲಿಯ ದೂರದ ನೆಂಟ. ಮುಷ್ಟಿಯಲ್ಲಿ ಹಿಡಿಸುವಷ್ಟು ಮೈ, ಬೆಲ್ಲದ ಬಣ್ಣದ ಕೂದಲು, ಬಾಲ ಇದ್ದೂ ಇಲ್ಲದಂತೆ ಮೋಟು. ಎರಡೂ ಗಲ್ಲದೊಳಗೆ ಚೀಲಗಳಿರುತ್ತವೆ; ಕೊಟ್ಟ ಕಾಳನ್ನೆಲ್ಲ ಅದರಲ್ಲಿ ತುಂಬಿಕೊಂಡು ಮೂಲೆಗೆ ಒಯ್ದು ಕೂಡಿಡುತ್ತವೆ. ಒಂದು ದಿನ ಸತ್ತಿದ್ದ ಒಂದನ್ನು ಎತ್ತಿ ಮೇಜಿನ ಮೇಲೆ ಇಟ್ಟಾಗ ಅದರ ಬಾಯಿಯಿಂದ ಕಾಳು ಉದುರಿದವು. ಒಂದೂ ಒಡೆದಿರಲಿಲ್ಲ. ನಾಳೆಗೆಂದು ಎತ್ತಿಟ್ಟುಕೊಂಡವು. ರಿಜಿಸ್ಟರಿನಲ್ಲಿ ಅದರ ಸಂಖ್ಯೆಯ ಮುಂದೆ ಗುರುತು ಹಾಕಿದೆ. ಆ ದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ.

ತಿಂಗಳಿಗೆರಡು ಸಲ ಶನಿವಾರ ಚಿತ್ತಾಪುರಕ್ಕೆ ಬರುತ್ತಿದ್ದೆ. ಮನೆಯಲ್ಲಿ ಅಪ್ಪ ಮತ್ತು ಅತ್ಯಾ. ಅಪ್ಪ ಗುಡಿಯ ಅರ್ಚಕರು. ಅತ್ಯಾ ಅಪ್ಪನ ಅಕ್ಕ. ನಾನು ನಡೆಯಲು ಕಲಿಯುವ ಮೊದಲೇ ಅಮ್ಮ ತೀರಿಕೊಂಡದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಶಹಾಬಾದಿಗೆ ಅವಳನ್ನು ಕೊಟ್ಟಿದ್ದರಂತೆ, ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದಳಂತೆ. ನನಗೆ ಗೊತ್ತಿದ್ದದ್ದು ಅಷ್ಟೇ. ಗುಡಿಯ ನೈವೇದ್ಯದ ಅಡಿಗೆ ಅವಳದು. ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ಮಡಿ ಉಟ್ಟು, ಒಲೆ ಹೊತ್ತಿಸಿದಳೆಂದರೆ ದೇವರ ಎಡೆ ಆಗುವವರೆಗೆ ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಸಣ್ಣವಳಿದ್ದಾಗ ನಾನು ಅಡಿಗೆಮನೆಯ ಹೊಸ್ತಿಲ ಆಚೆ ಫರಸಿ ಕಲ್ಲಿನ ಮೇಲೆ ಕೂತು, ಅವಳ ಕೈ ಹೋಳಿಗೆ ತಟ್ಟುವುದನ್ನು ನೋಡುತ್ತಾ ಬೆಳೆದೆ.

"ಅಲ್ಲಿ ಏನ್ ಕೆಲಸ ಮಾಡ್ತೀ ಕೂಸೇ?" ಎಂದು ಅವಳು ಕೇಳಿದ್ದಳು.

"ಔಷಧ ಪರೀಕ್ಷಾ ಮಾಡ್ತೀವಿ ಅತ್ಯಾ."

"ಛಲೋ ಆತು. ನಾಲ್ಕು ಮಂದಿಗೆ ಉಪಯೋಗ ಆಗೂ ಕೆಲಸ."

ಅದಕ್ಕಿಂತ ಹೆಚ್ಚು ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ನಾನೇ ಬೇಡಿಕೊಂಡು ಅದೇ ಆವರಣದ ಇನ್ನೊಂದು ಕಟ್ಟಡಕ್ಕೆ ವರ್ಗ ಮಾಡಿಸಿಕೊಂಡೆ. ಅಲ್ಲಿ ಪ್ರಾಣಿಗಳಿರಲಿಲ್ಲ, ಜೀವಕೋಶಗಳಿದ್ದವು. ಅವೂ ಹ್ಯಾಮ್‌ಸ್ಟರಿನವೇ. ಎಷ್ಟೋ ದಶಕಗಳ ಹಿಂದೆ, ಬೇರೆ ದೇಶದ ಪ್ರಯೋಗಾಲಯದಲ್ಲಿ, ಚೀನಾ ಕಡೆಯ ಒಂದು ಹೆಣ್ಣು ಹ್ಯಾಮ್‌ಸ್ಟರಿನ ಅಂಡಾಶಯದ ಚೂರಿನಿಂದ ತೆಗೆದ ಕೋಶಗಳು. ಆ ಪ್ರಾಣಿ ಆಗಲೇ ಸತ್ತಿತು, ಕೋಶಗಳು ಮಾತ್ರ ಇನ್ನೂ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಲೇ ಇವೆ. ಇವತ್ತು ಲೋಕದ ಎಷ್ಟೋ ದೊಡ್ಡ ಔಷಧಗಳು ತಯಾರಾಗುವುದು ಅವುಗಳೊಳಗೇ. ಕೋಶದೊಳಗೆ ಬೇಕಾದ ವಂಶವಾಹಿಯನ್ನು ಸೇರಿಸಿದರೆ, ಅದು ಮನುಷ್ಯನ ಮೈಗೆ ಒಗ್ಗುವಂಥ ಪ್ರೋಟೀನನ್ನು ಮಾಡಿ ಸುತ್ತಲಿನ ದ್ರವಕ್ಕೆ ಬಿಡುತ್ತದೆ. ದ್ರವವನ್ನು ಸೋಸಿ, ಶುದ್ಧ ಮಾಡಿ, ಸಿರಿಂಜಿಗೆ ತುಂಬುತ್ತಾರೆ.

ಆ ಕೋಣೆ ನನಗೆ ಹಿಡಿಸಿತು. ಮೈಯ ಬಿಸಿಯಷ್ಟೇ ಬೆಚ್ಚಗಿನ ಪೆಟ್ಟಿಗೆ, ಅದರೊಳಗೆ ಚಪ್ಪಟೆ ಸೀಸೆಗಳು, ಸೀಸೆಗಳಲ್ಲಿ ನಸುಗೆಂಪು ದ್ರವ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿರುತ್ತಿದ್ದವು. ಅವಕ್ಕೆ ಕಣ್ಣಿಲ್ಲ, ಬಾಯಿಲ್ಲ, ಕೂಡಿಟ್ಟ ಕಾಳಿಲ್ಲ. ನನ್ನ ಕೈಯಿಂದ ಯಾವ ಪಾಪವೂ ಆಗುತ್ತಿಲ್ಲ ಎಂಬ ಸಮಾಧಾನ ಮೊದಲ ಸಲ ಸಿಕ್ಕಿತು.

ಅತ್ಯಾಳ ಕೈ ಕೆಡಲು ಶುರುವಾದದ್ದು ಆ ದಿನಗಳಲ್ಲೇ.

ಮೊದಲು ಬೆಳಿಗ್ಗೆ ಮಾತ್ರ ಬೆರಳು ಬಿಗಿಯುತ್ತಿದ್ದವು. ಚಳಿಗೆ ಹಿಡಿದಿದೆ ಎಂದು ಎಳ್ಳೆಣ್ಣೆ ತಿಕ್ಕಿಕೊಂಡಳು. ಆಮೇಲೆ ಗೆಣ್ಣುಗಳು ಊದಿದವು, ಮಣಿಕಟ್ಟು ಊದಿತು. ಒಂದು ಶನಿವಾರ ಬಂದು ನೋಡಿದರೆ ಒದ್ದೆ ಮಡಿಸೀರೆಯನ್ನು ಹಿಂಡಲಾರದೆ ಹಾಗೇ ನೀರು ಸೋರಿಸುತ್ತಾ ಹಗ್ಗದ ಮೇಲೆ ಎಸೆಯುತ್ತಿದ್ದಳು. ಕಲಬುರಗಿಯ ವೈದ್ಯೆಯೊಬ್ಬರು ಸಂಧಿವಾತವೆಂದು ಹೇಳಿ ಗುಳಿಗೆ ಕೊಟ್ಟರು. ವರ್ಷವಿಡೀ ಗುಳಿಗೆ ನುಂಗಿದರೂ ಬೆರಳುಗಳು ಹೊರಮುಖವಾಗಿ ವಾಲುವುದು ನಿಲ್ಲಲಿಲ್ಲ. ಕೊನೆಗೆ ಆ ವೈದ್ಯೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ಅಮ್ಮಾರ, ಇನ್ನ ಬರೇ ಗುಳಿಗಿ ಮ್ಯಾಲ ನಡಿಯೂದಿಲ್ಲರಿ. ವಾರಕ್ಕೊಂದು ಸೂಜಿ ತಗೋಬೇಕಾಗ್ತದ. ಮೊದಲ ಟಿಬಿ ಅದ ಏನು ನೋಡೋಣು, ಅದಿಲ್ಲಂದ್ರ ಶುರು ಮಾಡೋಣು."

ಅವರು ಬರೆದ ಹೆಸರನ್ನು ನೋಡಿದೊಡನೆ ನನಗೆ ತಿಳಿಯಿತು. ನಮ್ಮಲ್ಲಿ ತಯಾರಾಗುವ ಔಷಧ ಅಲ್ಲ ಅದು, ಬೇರೆಯವರದು. ಆದರೆ ಹುಟ್ಟುವುದು ಮಾತ್ರ ಅದೇ ಕೋಶಗಳಲ್ಲಿ.

ರೈಲಿನಲ್ಲಿ ತಿರುಗಿ ಬರುವಾಗ ಅತ್ಯಾ ಕಿಟಕಿಯ ಪಕ್ಕ ಕೂತಿದ್ದಳು. ಶಹಾಬಾದ್ ಸ್ಟೇಷನ್ ಬಂದಾಗ ಎಂದಿನಂತೆ ಮುಖ ಒಳಗೆ ತಿರುಗಿಸಿದಳು. ಗಾಡಿ ಬಿಟ್ಟ ಮೇಲೆ ಕೇಳಿದಳು.

"ಕೂಸೇ, ಆ ಸೂಜಿ ಯಾತರಿಂದ ಮಾಡ್ತಾರ? ನಿನಗ ಗೊತ್ತಿರ್ತದಲ್ಲ."

"ದೊಡ್ಡ ಪಾತ್ರಿಯೊಳಗ ಜೀವಕೋಶ ಬೆಳಸ್ತಾರ ಅತ್ಯಾ. ಅವಕ್ಕ ಸಕ್ಕರಿ, ಉಪ್ಪು, ನೀರು ಹಾಕ್ತಾರ. ಅವು ಔಷಧ ಮಾಡ್ತಾವ. ಅದನ್ನ ಸೋಸಿ ಸೋಸಿ ಶುದ್ಧ ಮಾಡ್ತಾರ."

"ಶುದ್ಧ ಇರ್ತದಲ್ಲ?"

"ಭಾಳ ಶುದ್ಧ."

ಅವಳಿಗೆ ಬೇಕಾಗಿದ್ದದ್ದು ಆ ಒಂದು ಶಬ್ದ ಎಂದು ನನಗೆ ಗೊತ್ತಿತ್ತು. ಅದನ್ನೇ ಕೊಟ್ಟೆ. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಯಾವುದರ ಜೀವಕೋಶ ಎಂಬುದನ್ನು ಬಿಟ್ಟಿದ್ದೆ, ಅಷ್ಟೇ. ಬೆಳ್ಳುಳ್ಳಿ ಹೆಚ್ಚಿದ ಚಾಕುವನ್ನೂ ಮುಟ್ಟದ ಹೆಂಗಸಿಗೆ ಅದನ್ನು ಹೇಳಿದರೆ ಏನಾಗುತ್ತದೆಂದು ಯೋಚಿಸುವ ಧೈರ್ಯ ನನಗಿರಲಿಲ್ಲ.

ಸೂಜಿಯನ್ನು ತಂಪಿನಲ್ಲೇ ಇಡಬೇಕು. ಪಡಸಾಲೆಯಲ್ಲಿ ಒಂದು ಸಣ್ಣ ಫ್ರಿಜ್ ತಂದಿಟ್ಟೆವು. ಅಡಿಗೆಮನೆಗೆ ಅದನ್ನು ಅತ್ಯಾ ಬಿಟ್ಟುಕೊಳ್ಳಲಿಲ್ಲ. ಹೈದರಾಬಾದಿನಿಂದ ಐಸ್ ತುಂಬಿದ ಡಬ್ಬಿಯಲ್ಲಿ ಸೂಜಿಗಳನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ತರುತ್ತಿದ್ದೆ. ಭಾನುವಾರ ಬೆಳಿಗ್ಗೆ, ಅವಳ ಅಡಿಗೆ ಮುಗಿದ ಮೇಲೆ, ತೊಡೆಗೆ ಚುಚ್ಚುತ್ತಿದ್ದೆ. ನಾನಿಲ್ಲದ ವಾರ ಓಣಿಯ ನರ್ಸಮ್ಮ ಬಂದು ಕೊಡುತ್ತಿದ್ದಳು.

ಮೂರನೆಯ ತಿಂಗಳು ಅತ್ಯಾ ನನ್ನನ್ನು ಹಿತ್ತಿಲಿಗೆ ಕರೆದಳು. ಬಲಗೈ ಮುಂದೆ ಚಾಚಿ ನಿಧಾನಕ್ಕೆ ಬೆರಳು ಮಡಚಿದಳು. ಪೂರ್ತಿ ಮಡಚಿದವು.

"ನೋಡು, ಮುಷ್ಟಿ ಬಂತು," ಅಂದಳು. ಕಣ್ಣಲ್ಲಿ ನೀರಿತ್ತು. "ನೀ ಇದನ್ನ ಕಲತದ್ದು ಸಾರ್ಥಕ ಆತು ನೋಡ."

ನಾನು ನಕ್ಕೆ.

ಹೀಗೆ ವರ್ಷ ಕಳೆಯಿತು. ಅತ್ಯಾ ಮತ್ತೆ ಹೋಳಿಗೆ ತಟ್ಟಿದಳು, ಸೀರೆ ಹಿಂಡಿದಳು. ನಾನು ಹೇಳದೆ ಬಿಟ್ಟ ಮಾತು ಹಳತಾಯಿತು, ಇನ್ನು ಅದಕ್ಕೆ ಜೀವವಿಲ್ಲ ಅಂದುಕೊಂಡೆ.

ಅದನ್ನು ಹೊರಗೆ ತಂದದ್ದು ನಾನೇ. ಸೇಡಂನಲ್ಲಿ ನಾನು ಓದಿದ ಕಾಲೇಜಿನವರು ವಿಜ್ಞಾನ ದಿನಕ್ಕೆ ಮಾತಾಡಲು ಕರೆದಿದ್ದರು. ಹುಡುಗಿಯರು ಕಿಕ್ಕಿರಿದು ಕೂತಿದ್ದರು. ಗೋಡೆಯ ಮೇಲೆ ಹ್ಯಾಮ್‌ಸ್ಟರಿನ ಚಿತ್ರ ಬಂದೊಡನೆ "ಅಯ್ಯ, ಎಷ್ಟ್ ಛಂದ ಅದ!" ಎಂದು ಎಲ್ಲರೂ ಕೂಗಿದರು. ಅದರ ಕೋಶಗಳಲ್ಲಿ ಔಷಧ ಹೇಗೆ ಬೆಳೆಯುತ್ತದೆಂದು ಹೇಳಿದೆ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

"ಮೇಡಂ, ಇದನ್ನ ಖರೇನ ಮನಷ್ಯಾರಿಗೆ ಕೊಡ್ತಾರೇನ್ರಿ? ನೀವು ಯಾರಿಗರ ಕೊಟ್ಟದ್ದು ನೋಡೀರೇನ್ರಿ?"

"ನೋಡೂದೇನ್ ಬಂತು, ನಾನೇ ಕೊಡ್ತೀನಿ. ನಮ್ಮ ಮನ್ಯಾಗ, ನಮ್ಮ ಅತ್ಯಾಗ," ಅಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನನಗೆ ಹಿತವಾಗಿತ್ತು, ಅದನ್ನು ಈಗ ಮುಚ್ಚಿಡಲಾರೆ.

ಆ ಹುಡುಗಿಯರಲ್ಲಿ ಚಿತ್ತಾಪುರದಿಂದ ಬಂದು ಹೋಗಿ ಮಾಡುವವರಿದ್ದರು. ಅವರಲ್ಲೊಬ್ಬಳ ತಾಯಿ ದಿನಾ ನಮ್ಮ ಗುಡಿಗೆ ಬರುವವಳು.

ಮಂಗಳವಾರ ಮಧ್ಯಾಹ್ನ ಪ್ರಯೋಗಾಲಯದಿಂದ ಹೊರಬಂದು ಫೋನ್ ನೋಡಿದರೆ ಅಪ್ಪನ ನಾಲ್ಕು ಕರೆಗಳಿದ್ದವು. ತಿರುಗಿ ಮಾಡಿದೆ.

"ಅಕ್ಕ ಇವತ್ತ ಒಲಿ ಹಚ್ಚಿಲ್ಲ," ಅಂದರು ಅಪ್ಪ. "ಬರೇ ಹಾಲು ಸಕ್ಕರಿ ನೈವೇದ್ಯ ಮಾಡೀನಿ. ಗುಡಿಗೆ ಬಂದಾಕಿ ಒಬ್ಬಾಕಿ ಕೇಳಿದ್ಲಂತ, ನಿಮಗ ಇಲಿ ಸೂಜಿ ಕೊಡ್ತಾರಂತಲ್ರಿ ಅಮ್ಮಾ, ನಮ್ಮ ಹುಡುಗಿ ಹೇಳಿದ್ಲು, ಅಂತ. ಖರೆ ಏನದು?"

"ಇಲಿ ಅಲ್ಲ ಅಪ್ಪಾ..." ಅಂದೆ.

"ಮತ್ತೇನು?"

ಶನಿವಾರ ಬರುತ್ತೇನೆ ಎಂದೆ.

ಶನಿವಾರ ಗಾಡಿ ಸೇಡಂ ದಾಟಿ ಚಿತ್ತಾಪುರಕ್ಕೆ ಬಂದು ನಿಂತಿತು. ಚೀಲ ಹಿಡಿದು ಬಾಗಿಲ ತನಕ ಬಂದೆ. ಇಳಿಯಲಿಲ್ಲ. ಗಾಡಿ ಹೊರಟೇ ಬಿಟ್ಟಿತು. ವಾಡಿಯಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಂದು ತಾಸಿಗೂ ಹೆಚ್ಚು ಕೂತೆ. ಸಿಮೆಂಟ್ ತುಂಬಿದ ಗೂಡ್ಸ್ ಗಾಡಿಗಳು ಒಂದರ ಹಿಂದೆ ಒಂದು ಹೋದವು. ಪಕ್ಕದಲ್ಲಿ ಕೂತ ಹೆಂಗಸು, "ಎಲ್ಲಿಗ ಹೋಗಬೇಕ್ರಿ ಬಾಯಿ? ಗಾಡಿ ತಪ್ಪಿತೇನು?" ಎಂದು ಕೇಳಿದಳು. ಹೌದೆಂದೆ. ಆಮೇಲೆ ಬಸ್ಸು ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ, ಚಿತ್ತಾಪುರಕ್ಕೆ ಹೋದೆ.

ಅತ್ಯಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಉಳಿದಿದ್ದ ಸೂಜಿಗಳ ಪೆಟ್ಟಿಗೆಯನ್ನು ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಿದ್ದಳು. ಮಂಗಳವಾರದಿಂದ ಅವು ಅಲ್ಲೇ ಇದ್ದವು. ಕೆಟ್ಟುಹೋಗಿರುತ್ತವೆ ಎಂದು ನಾನು ಹೇಳಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಕುಂದರು," ಅಂದಳು. ಅಪ್ಪ ಗುಡಿಯಿಂದ ಬಂದು ಬಾಗಿಲಲ್ಲೇ ನಿಂತರು.

"ಅಕ್ಕಾ, ನಾ ಹೇಳ್ಲಿಕತ್ತೀನಲ್ಲ, ಔಷಧಕ್ಕ ದೋಷ ಇಲ್ಲ. ಜೀವಕ್ಕ ಬಂದಾಗ ಶಾಸ್ತ್ರನೂ ಬಿಡ್ತದ," ಅಂದರು ಅಪ್ಪ.

"ನೀ ಸುಮ್ಮನಿರು. ನಿನಗ ನೈವೇದ್ಯದ ಚಿಂತಿ. ನಾ ಇಕೀ ಜೋಡಿ ಮಾತಾಡ್ಲಿಕತ್ತೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ರೈಲಿನ್ಯಾಗ ನಾ ಕೇಳಿದ್ದೆ. ಕೇಳಿದ್ದೆ ಹೌದಲ್ಲ?"

"ಹೌದು ಅತ್ಯಾ."

"ಆವಾಗ ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ತಗೊಳ್ತಿದ್ದಿಲ್ಲ. ಕೈ ಪೂರ್ತಿ ಹೋಗ್ತಿದ್ವು. ನಿನ್ನ ಒಳ್ಳೇದಕ್ಕ ಅಂತ..."

ಆ ಮಾತಿಗೆ ಅವಳ ಮುಖ ಬದಲಾಯಿತು. ಅವಳು ಕೂಗಾಡಿದ್ದನ್ನು ನಾನೆಂದೂ ಕಂಡಿಲ್ಲ, ಆಗಲೂ ಕೂಗಾಡಲಿಲ್ಲ.

"ಶಹಾಬಾದಕ್ಕ ನನ್ನ ಕೊಡೂ ಮುಂದ ಅವರಿಗೆ ರೋಗ ಅದ ಅಂತ ಎಲ್ಲಾರಿಗೂ ಗೊತ್ತಿತ್ತು. ಅವರ ಮನ್ಯಾವರಿಗೆ ಗೊತ್ತಿತ್ತು, ನಮ್ಮಪ್ಪಗೂ ಗೊತ್ತಿತ್ತು. ನನಗೊಬ್ಬಾಕಿಗೆ ಹೇಳಿದ್ದಿಲ್ಲ. ಆಮ್ಯಾಲ ಕೇಳಿದ್ದಕ್ಕ ಅಪ್ಪ ಏನಂದ ಗೊತ್ತೇನು? ನಿನ್ನ ಒಳ್ಳೇದಕ್ಕ ಅಂತ ಹೇಳಲಿಲ್ಲವಾ, ಅಂದ. ಇದಽ ಮಾತು. ಇಲಿದೋ ಹುಲಿದೋ ಅದು ಬ್ಯಾರೆ ವಿಚಾರ. ನೀನೂ ನನಗ ಹಂಗಽ ಮಾಡ್ದಿ."

ಅಪ್ಪ ತಲೆ ತಗ್ಗಿಸಿ ಒಳಗೆ ಹೋದರು. ಆ ರೋಗದ ವಿಷಯ ಅವರಿಗೂ ಮೊದಲೇ ಗೊತ್ತಿತ್ತೆಂದು ಆಗ ಅರ್ಥವಾಯಿತು.

ಆ ಮಧ್ಯಾಹ್ನ ಅತ್ಯಾ ನನ್ನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಯಾವ ಪ್ರಾಣಿ, ಎಷ್ಟು ದೊಡ್ಡದು, ಏನು ತಿನ್ನುತ್ತದೆ. ಈಗಲೂ ಸೂಜಿಗಾಗಿ ಅದನ್ನು ಕೊಲ್ಲುತ್ತಾರೋ. ಇಲ್ಲ, ಒಂದೇ ಒಂದು ಪ್ರಾಣಿಯಿಂದ ಯಾವತ್ತೋ ತೆಗೆದದ್ದು, ಅದೇ ಇನ್ನೂ ಬೆಳೆಯುತ್ತಿದೆ ಎಂದೆ.

"ಅಂದ್ರ ಅದು ಸತ್ತೂ ಸತ್ತಿಲ್ಲ."

"ಹಂಗಽ ಅನ್ನಬೇಕು."

"ಅಲ್ಲಿ ನೀ ಮಾಡೂ ಕೆಲಸನೂ ಇದಽ?"

"ಈಗ ಇದಽ." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅವಳ ಮುಂದೆ ಇನ್ನೊಂದು ಅರ್ಧ ಮಾತು ಆಡಲು ಆಗಲಿಲ್ಲ. ಪ್ರಾಣಿಮನೆಯ ಎರಡು ವರ್ಷದ್ದನ್ನೆಲ್ಲ ಹೇಳಿದೆ. ಸತ್ತಿರಲಿ ಎಂದು ಬೇಡಿಕೊಳ್ಳುತ್ತಿದ್ದದ್ದನ್ನೂ ಹೇಳಿದೆ.

"ಎಷ್ಟು ಸತ್ವು?"

"ನೆನಪಿಲ್ಲ," ಅಂದೆ. ಮರುಕ್ಷಣವೇ ತಡೆಯಲಾರದೆ, "ಸುಳ್ಳು ಹೇಳಿದೆ ಅತ್ಯಾ. ನೆನಪದ," ಎಂದು ಸಂಖ್ಯೆ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಏನಾದರೂ ಬೈಯಲಿ ಎಂದು ಕಾದೆ. ಅವಳು ಎದ್ದು ಹಿತ್ತಿಲಿಗೆ ಹೋಗಿ ಹಂಡೆಯ ಪಕ್ಕ ಒಬ್ಬಳೇ ನಿಂತಳು.

ಅವಳು ಸೂಜಿ ಬಿಟ್ಟಳು. ಹತ್ತು ವಾರ ಕಳೆಯುವಷ್ಟರಲ್ಲಿ ಬೆರಳುಗಳು ಮತ್ತೆ ಊದಿದವು. ಈ ಸಲ ಮೊಣಕಾಲಿಗೂ ಬಂತು. ಆದರೂ ಮಡಿ ಬಿಡಲಿಲ್ಲ. ಸೂಜಿ ಬಿಟ್ಟಾಯಿತಲ್ಲ, ಇನ್ನು ಒಲೆ ಹಚ್ಚಬಹುದು ಎಂದು ಮತ್ತೆ ನೈವೇದ್ಯಕ್ಕೆ ನಿಂತಿದ್ದಳು. ಒಂದು ದಿನ ಕುದಿಯುವ ಗಂಜಿಯ ಪಾತ್ರೆ ಕೈಯಿಂದ ಜಾರಿ ಪಾದದ ಮೇಲೆ ಬಿತ್ತು. ಅಪ್ಪ ಫೋನ್ ಮಾಡಿದಾಗ ರಜೆ ಹಾಕಿ ಬಂದೆ. ಇಪ್ಪತ್ತು ದಿನ ಇದ್ದೆ. ಅವಳಿಗೆ ಸ್ನಾನ ಮಾಡಿಸಿದೆ, ತಲೆ ಬಾಚಿದೆ, ಸೀರೆ ಉಡಿಸಿದೆ. ನಾನು ನೆರಿಗೆ ಹಿಡಿಯುವಾಗ ಅವಳು ಗೋಡೆ ನೋಡುತ್ತಿದ್ದಳು. ಗಂಜಿ ಬಿದ್ದ ಗಾಯಕ್ಕೆ ಮುಲಾಮು ಹಚ್ಚುವಾಗ, ಈ ಕಾಲಿಗೆ, ಈ ಕೈಗೆ ಒಂದು ಪೆಟ್ಟಿಗೆಯ ಔಷಧ ಸಾಕಲ್ಲ ಎಂಬ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಅವಳ ಮೇಲೋ ನನ್ನ ಮೇಲೋ ಎಂದು ಬಿಡಿಸಿ ನೋಡಲು ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಾನಾಗಿಯೇ ಹೇಳಿದಳು: "ಡಾಕ್ಟರ ಕಡೆ ಹೋಗೋಣು. ಸೂಜಿ ಶುರು ಮಾಡ್ತೀನಿ."

ನಾನು ಬೆರಗಾಗಿ ನೋಡಿದೆ.

"ಹಿಂಗ್ಯಾಕ ನೋಡ್ತೀ? ಆವಾಗ ನೀ ಕೊಟ್ಟಿದ್ದಿ. ಈಗ ನಾ ತಗೊಳ್ತೀನಿ. ಯಾರ್ದು, ಏನು, ಎಲ್ಲಾ ಗೊತ್ತಿದ್ದು ತಗೊಳ್ತೀನಿ. ಪಾಪ ಇದ್ರ ನಂದಽ ಇರಲಿ."

ಆದರೆ ಅದಕ್ಕೆ ಮೊದಲು ಅವಳು ಇನ್ನೊಂದು ಕೆಲಸ ಮಾಡಿದಳು. ಏಕಾದಶಿಯ ಮರುದಿನ ಗುಡಿಯಲ್ಲಿ ಹತ್ತಿಪ್ಪತ್ತು ಮಂದಿ ಸೇರಿದ್ದರು. ಕಂಬ ಹಿಡಿದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು, ತಾನು ಇಂಥ ಔಷಧ ತೆಗೆದುಕೊಳ್ಳುತ್ತೇನೆ, ಅದು ಇಂಥ ಪ್ರಾಣಿಯ ಜೀವಕೋಶದಲ್ಲಿ ಆಗುತ್ತದೆ, ಹಿಂದೆ ಒಂದು ವರ್ಷ ಗೊತ್ತಿಲ್ಲದೆ ತೆಗೆದುಕೊಂಡೇ ನಿಮಗೆಲ್ಲ ಪ್ರಸಾದ ಮಾಡಿ ಹಾಕಿದ್ದೇನೆ, ಇವತ್ತಿನಿಂದ ನೈವೇದ್ಯದ ಅಡಿಗೆ ಮಾಡುವುದಿಲ್ಲ.

ಒಬ್ಬರು ಹಿರಿಯರು, "ಮತ್ತ ತಗೊಳ್ಳೂದು ಹೇಳದಿದ್ರ ಯಾರಿಗ್ ಗೊತ್ತಾಗ್ತಿತ್ರಿ ಅಮ್ಮಾ, ಯಾಕ ಹೇಳಾಕ ಹೋದ್ರಿ," ಅಂದರು. ಇಬ್ಬರು ಮೂವರು ಹೆಂಗಸರು ಎದ್ದು ಹೋದರು. ಗುಡಿಗೆ ಬಂದು ಇಲಿ ಸೂಜಿಯ ಮಾತು ತೆಗೆದವಳು ಮಾತ್ರ ಅತ್ಯಾಳ ಕಾಲು ಹಿಡಿದು ಅತ್ತಳು. ಅಪ್ಪ ಗರ್ಭಗುಡಿಯೊಳಗೇ ಇದ್ದರು, ಹೊರಗೆ ಬರಲಿಲ್ಲ. ಊರಿನ ಇನ್ನೊಂದು ಮನೆಯ ಹೆಂಗಸು ಈಗ ಆ ಅಡಿಗೆ ಮಾಡುತ್ತಾಳೆ.

ಸೂಜಿ ಮತ್ತೆ ಕೆಲಸ ಮಾಡಿತು. ಬೆರಳು ಮೊದಲಿನಷ್ಟು ನೇರವಾಗಲಿಲ್ಲ. ನಡುವೆ ಬಿಟ್ಟದ್ದಕ್ಕೆ ಎರಡು ಗೆಣ್ಣು ಕಾಯಂ ವಾಲಿದವು. ಆದರೂ ಮುಷ್ಟಿ ಬಂತು. ಆ ಮುಷ್ಟಿಗೆ ಈಗ ಕೆಲಸ ಇರಲಿಲ್ಲ. ನಸುಕಿನಲ್ಲಿ ಅಭ್ಯಾಸದಂತೆ ಏಳುತ್ತಿದ್ದಳು, ಸ್ನಾನ ಮಾಡುತ್ತಿದ್ದಳು, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಕೂರುತ್ತಿದ್ದಳು. ಅವಳನ್ನು ಹಾಗೆ ನೋಡುವುದು ಪಾದದ ಗಾಯ ನೋಡಿದ್ದಕ್ಕಿಂತ ಕಷ್ಟವಾಗಿತ್ತು. ಯಾವ ಕೆಲಸಕ್ಕಾಗಿ ಅವಳ ಕೈ ಉಳಿಯಲಿ ಎಂದು ನಾನು ಸತ್ಯ ಮುಚ್ಚಿಟ್ಟೆನೋ ಆ ಕೆಲಸವೇ ಹೋಗಿತ್ತು.

ಕಳೆದ ಚಳಿಗಾಲದಲ್ಲಿ ಚಿಂಚೋಳಿಯಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟ ನನ್ನ ಚಿಕ್ಕಪ್ಪನ ಮಗಳಿಗೂ ಇದೇ ರೋಗ. ನನಗಿಂತ ಎಂಟು ವರ್ಷ ಸಣ್ಣವಳು, ಎರಡು ವರ್ಷದ ಮಗು ಇದೆ. ಗುಳಿಗೆಗೆ ಬಗ್ಗಿಲ್ಲ, ಸೂಜಿಗೆ ಬರೆದುಕೊಟ್ಟಿದ್ದಾರೆ. ಆದರೆ ಇಲಿ ಸೂಜಿಯ ಕತೆ ನೆಂಟರ ಬಾಯಿಂದ ಬಾಯಿಗೆ ಅಲ್ಲಿಗೂ ಮುಟ್ಟಿತ್ತು.

"ನನ್ನ ಕರಕೊಂಡು ಹೋಗು," ಅಂದಳು ಅತ್ಯಾ.

ಸೇಡಂಗೆ ಹೋಗಿ ಅಲ್ಲಿಂದ ಬಸ್ಸು ಹಿಡಿದೆವು. ಸುಲೇಪೇಟದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ತೊಗರಿ ಚೀಲಗಳನ್ನು ಮೇಲೇರಿಸುತ್ತಿದ್ದರು. ದಾರಿಯುದ್ದಕ್ಕೂ ನಾನು, ಆ ಹುಡುಗಿಗೆ ಏನು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅತ್ಯಾಳ ಕೈ ತೋರಿಸಿದರೆ ಸಾಕು, ಒಪ್ಪುತ್ತಾಳೆ ಅಂದುಕೊಂಡಿದ್ದೆ.

ತಂಗಿ ಬಾಗಿಲಿಗೆ ಬಂದಳು. ಮಗು ಎತ್ತಿಕೋ ಎಂದು ಅವಳ ಸೀರೆ ಜಗ್ಗುತ್ತಿತ್ತು. ಎತ್ತಲು ಅವಳಿಗೆ ಆಗುತ್ತಿರಲಿಲ್ಲ. ಅತ್ಯಾ ಅದನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. ನಾನು ಬಾಯಿ ತೆರೆಯುವ ಮೊದಲೇ ತಾನೇ ಮಾತು ಶುರು ಮಾಡಿದಳು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಅದು ಯಾವ ಪ್ರಾಣಿ, ಅದರ ಎಲ್ಲಿಂದ ತೆಗೆದದ್ದು ಎಂದೂ ಹೇಳಿದಳು. ಸೂಜಿಯಿಂದ ಕೈ ತೆರೆದದ್ದು, ಬಿಟ್ಟಾಗ ಆದದ್ದು, ಅಡಿಗೆ ಬಿಟ್ಟದ್ದು, ಎಲ್ಲ ಹೇಳಿದಳು. ಸೂಜಿ ತೆಗೆದುಕೊಂಡರೆ ಬೇರೆ ರೋಗ ಬೇಗ ಅಂಟಬಹುದು ಎಂದು ವೈದ್ಯೆ ಹೇಳಿದ್ದನ್ನೂ ಬಿಡಲಿಲ್ಲ. ತಗೋ ಎಂದು ಒಂದು ಸಲವೂ ಅನ್ನಲಿಲ್ಲ.

ತಂಗಿ ಎಲ್ಲವನ್ನೂ ಕೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನಗ ಬ್ಯಾಡ ಅತ್ಯಾ," ಅಂದಳು. "ಮನ್ಯಾಗ ಯಾರೂ ಬ್ಯಾಡ ಅಂದಿಲ್ಲ. ನನಗಽ ಮನಸ್ಸು ಒಪ್ಪವಲ್ಲದು."

"ಆತವಾ," ಅಂದಳು ಅತ್ಯಾ.

ನನಗೆ ತಡೆಯಲಾಗಲಿಲ್ಲ. "ಹಂಗಂದ್ರ ಹ್ಯಾಂಗ? ನಿನ್ನ ಗೆಣ್ಣು ಒಂದು ಸಲ ವಾಲಿದ್ರ ತಿರುಗಿ ಬರೂದಿಲ್ಲ. ಅತ್ಯಾನ ಕೈ ನೋಡು..." ಎಂದು ಶುರು ಮಾಡಿದೆ. ಅತ್ಯಾ ನನ್ನ ಮೊಣಕೈ ಹಿಡಿದಳು. ಗಟ್ಟಿಯಾಗಿಯೇ ಹಿಡಿದಳು.

"ಹೇಳೂದು ಹೇಳಿ ಆತು. ಕೈ ಆಕೀದು."

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅವಳೊಡನೆ ಜಗಳ ಮಾಡಿದೆ. ಅಷ್ಟು ದೂರ ಹೋದದ್ದು ಹೆದರಿಸಿ ಬರುವುದಕ್ಕೋ, ಒಂದೆರಡು ಮಾತು ಕಡಿಮೆ ಹೇಳಿದ್ದರೆ ಏನಾಗುತ್ತಿತ್ತು ಎಂದೆ. ನಾನು ಎಂದಿನ ತಪ್ಪನ್ನೇ ಮತ್ತೆ ಮಾಡಹೊರಟಿದ್ದೇನೆಂದು ನನಗೇ ಕೇಳಿಸಿತು. ಆದರೂ ಬಾಗಿಲಲ್ಲಿ ಮಗು ಸೀರೆ ಜಗ್ಗಿದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ, ಹೇಳದೆ ಕೊಟ್ಟಿದ್ದರೇ ಸರಿಯಿತ್ತೇನೋ ಎಂಬ ಯೋಚನೆಯೂ ಹೋಗಲಿಲ್ಲ. ಇವತ್ತಿಗೂ ಪೂರ್ತಿ ಹೋಗಿಲ್ಲ.

ಒಂದು ತಿಂಗಳಾದ ಮೇಲೆ ತಂಗಿಯ ಫೋನ್ ಬಂತು. ನಾನು ಪ್ರಯೋಗಾಲಯದ ಹೊರಗೆ ಕಾರಿಡಾರಿನಲ್ಲಿದ್ದೆ.

"ಅಕ್ಕಾ, ಒಂದ್ ಕೇಳ್ತೀನಿ. ಅದನ್ನ ತಗೊಂಡ್ರ ನಾ ಕೂಸಿನ್ನ ಎತ್ಕೊಳ್ಳಾಕ ಆಗ್ತದೇನು?"

ಆಗುತ್ತದೆ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಎಷ್ಟೋ ಜನರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ, ಅದು ಯಾರಿಗೆಂದು ಮೊದಲೇ ಹೇಳಲು ಬರುವುದಿಲ್ಲ.

"ಆಗಬಹುದು. ಖಾತ್ರಿ ನನಗ ಗೊತ್ತಿಲ್ಲ," ಅಂದೆ.

ಆ ಕಡೆ ಮಗು ಎತ್ತಿಕೋ ಎಂದು ಅಳುತ್ತಿತ್ತು. "ಆತಕ್ಕಾ," ಎಂದು ಫೋನ್ ಇಟ್ಟಳು. ಅವಳು ಏನು ಮಾಡುತ್ತಾಳೋ ಇನ್ನೂ ತಿಳಿದಿಲ್ಲ.